ಗೋಕಟ್ಟೆ ಸಾಲಿನ ಇಪ್ಪತ್ತಮೂರು ಮನೆ

ನಕ್ಷೆಯ ಮೇಲಿನ ಅಕ್ಷರಗಳು ತನ್ನವೇ ಎಂದು ರಾಜೇಂದ್ರನಿಗೆ ಗೊತ್ತಾದದ್ದು 'ಹೊಸಹಳ್ಳಿ' ಎಂದು ಬರೆದ ಜಾಗದಲ್ಲಿ 'ಳ'ದ ಬಾಲ ನೋಡಿದಾಗ. ಅದನ್ನು ಹಾಗೆ ಒಳಕ್ಕೆ ಸುತ್ತಿ ನಿಲ್ಲಿಸುವವನು ಇಡೀ ಸರ್ವೆ ಕಚೇರಿಯಲ್ಲಿ ಅವನೊಬ್ಬನೇ ಇದ್ದ. ಭಾನುವಾರದ ಬೆಳಿಗ್ಗೆ. ಹೆಂಡತಿ ಆತಗೂರಿನ ತವರಿಗೆ ಹೋಗಿದ್ದಳು. ಊಟದ ಮೇಜಿನ ಮೇಲಿದ್ದ ಉಪ್ಪಿನಕಾಯಿ ಭರಣಿ, ನೀರಿನ ಚೊಂಬು ಎಲ್ಲವನ್ನೂ ಕೆಳಗಿಳಿಸಿ ಮಗಳು ಶೋಭಿತಾ ಎರಡು ನಕ್ಷೆಗಳನ್ನು ಹಾಸಿದ್ದಳು. ಮೂಲೆಗಳು ಸುತ್ತಿಕೊಳ್ಳದಂತೆ ಲೋಟಗಳನ್ನು ಇಟ್ಟಿದ್ದಳು. ಮೈಸೂರಿನಲ್ಲಿ ಭೂಗೋಳದ ಸಂಶೋಧನೆ ಮಾಡುತ್ತಿದ್ದ ಅವಳಿಗೆ ಎರಡು ವರ್ಷದಿಂದ ಇದೇ ಕೆಲಸ. ಮಂಡ್ಯದ ಹಳೆಯ ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟು ನೋಡುವುದು, ಮನೆಮನೆಗೆ ಹೋಗಿ ಹಳೆಯ ಫೋಟೋ ಕೇಳುವುದು, ಆ ಫೋಟೋ ತೆಗೆದವರು ಎಲ್ಲಿ ನಿಂತಿದ್ದರೋ ಅಲ್ಲೇ ಹೋಗಿ ನಿಂತು ಇನ್ನೊಂದು ತೆಗೆಯುವುದು. ಊರು ಹೇಗೆ ಬೆಳೆಯಿತು ಅನ್ನುವುದಕ್ಕಿಂತ ಬೆಳೆಯುವಾಗ ಯಾರ ಮೇಲೆ ಕಾಲಿಟ್ಟಿತು ಅಂತ ತಿಳಿಯಬೇಕು ಎಂದು ಒಮ್ಮೆ ಅವಳು ಅಂದಿದ್ದಳು. ಆಗ ಅವನು ಪೇಪರು ಓದುತ್ತಿದ್ದ. ಒಳ್ಳೆಯ ಮಾತು ಎಂದು ತಲೆಯಾಡಿಸಿದ್ದ.

"ಅಪ್ಪ, ಇಲ್ನೋಡು. ಇದು ಅರವತ್ತೆಂಟರದು. ನಾಲೆ ಕೆಳಗೆ ದನ ನೀರು ಕುಡಿಯೋ ಗೋಕಟ್ಟೆ ಇದೆ, ಏರಿ ಪಕ್ಕ ಎಂಟು ಮನೆ. ಇದು ತೊಂಬತ್ತೆರಡರದು. ಗೋಕಟ್ಟೆ ಇದೆ, ಮನೆ ಒಂದೂ ಇಲ್ಲ. ಖಾಲಿ ಜಾಗ ಅಂತ ಬರೆದವ್ರೆ. ಈಗ ಈ ಫೋಟೋ ನೋಡು. ತೊಂಬತ್ತರದು. ಸೌಮ್ಯತ್ತೆ ಮದುವೇದು, ಹೋದ ತಿಂಗಳು ಮಳವಳ್ಳಿಗೆ ಹೋದಾಗ ಅವರ ಟ್ರಂಕಲ್ಲಿ ಸಿಕ್ತು. ಎಣಿಸು. ಇಪ್ಪತ್ತಮೂರು ಮನೆ."

ಅವನು ಎಣಿಸಲಿಲ್ಲ. ಎಣಿಸಬೇಕಾಗಿರಲಿಲ್ಲ. ನಾಲೆಯ ಕಡೆಯಿಂದ ಮೊದಲನೆಯದು ಹುಚ್ಚೀರಯ್ಯನದು, ಒಂಬತ್ತನೆಯದು ದೊಡ್ಡವ್ವನದು, ಸೌಮ್ಯಳ ತಾಯಿಯದು. ಕೊಪ್ಪದ ಹತ್ತಿರದ ಊರಿನಲ್ಲಿ ಕೂಲಿಗೆ ಹೋಗುತ್ತಿದ್ದ ಅವ್ವ, ಹನ್ನೊಂದು ವರ್ಷದ ಅವನನ್ನು ತನ್ನಕ್ಕ ಶಿವನಂಜಮ್ಮನ ಮನೆಯಲ್ಲಿ ಓದಲು ಬಿಟ್ಟುಹೋದ ದಿನ ಅವನು ಆ ಒಂಬತ್ತನೆಯ ಮನೆಯ ಬಾಗಿಲಲ್ಲಿ ತಲೆ ತಗುಲಿಸಿಕೊಂಡಿದ್ದ. ಹತ್ತೊಂಬತ್ತು ವರ್ಷ ಅಲ್ಲಿದ್ದ. ಕಬ್ಬಿನ ಸೋಗೆ ಹೊದಿಸಿದ ಸೂರು, ಸಕ್ಕರೆ ಕಾರ್ಖಾನೆ ನಡೆಯುವ ತಿಂಗಳುಗಳಲ್ಲಿ ಬಟ್ಟೆಗೂ ಅನ್ನಕ್ಕೂ ಹತ್ತುತ್ತಿದ್ದ ಕಾಕಂಬಿಯ ವಾಸನೆ. ಮಗಳಿಗೆ ಇದ್ಯಾವುದನ್ನೂ ಅವನು ಹೇಳಿರಲಿಲ್ಲ. ಓದುವಾಗ ಗುತ್ತಲು ರಸ್ತೆಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು ಅಂದಿದ್ದ.

"ಮಳವಳ್ಳಿ ಅಜ್ಜಿ ಮನೆ ಅಲ್ಲಿತ್ತು ಅಂತ ನೀನ್ಯಾಕೆ ಹೇಳಲೇ ಇಲ್ಲ?"

"ಹೇಳೋದೇನು ಅದರಲ್ಲಿ. ಗುಡಿಸಲು."

ಶೋಭಿತಾ ಅವನ ಮುಖ ನೋಡಿದಳು. ಮತ್ತೆ ನಕ್ಷೆಯ ಕಡೆ ಬಗ್ಗಿದಳು. ಹುಚ್ಚೀರಯ್ಯನ ಮಗ ನಾಗೇಶ್ ಈಗ ಮಂಡ್ಯದಲ್ಲೇ ಎಲೆಕ್ಟ್ರಿಕಲ್ ಕೆಲಸ ಮಾಡುತ್ತಿದ್ದ; ಫೋಟೋ ಸಿಕ್ಕ ಮೇಲೆ ಅವನು ಇಪ್ಪತ್ತಮೂರು ಮನೆಯವರ ಪರವಾಗಿ ಅರ್ಜಿ ಹಾಕಿದ್ದ. ತೊಂಬತ್ತನಾಲ್ಕರಲ್ಲಿ ಎಬ್ಬಿಸಿದರು, ಬದಲಿ ಜಾಗ ಕೊಡಲಿಲ್ಲ, ಈಗಲಾದರೂ ಕೊಡಿ ಎಂದು. ಗುರುವಾರ ವಿಚಾರಣೆ. ಫೋಟೋದಲ್ಲಿರುವುದು ಯಾವ ಊರಿನ ಕಟ್ಟೆಯೋ ಯಾರಿಗೆ ಗೊತ್ತು, ನಕ್ಷೆಯಲ್ಲಿ ಮನೆಗಳೇ ಇಲ್ಲವಲ್ಲ ಎಂಬ ಮಾತು ಆಗಲೇ ಬಂದಿತ್ತಂತೆ. "ಈ ನಕ್ಷೆ ಬರೆದೋರು ಯಾರಾದ್ರೂ ಸಿಕ್ಕಿ, ಇಲ್ಲಿ ಮನೆ ಇದ್ವು ಅಂತ ಹೇಳಿದ್ರೆ ಮುಗೀತು. ಹೆಸರಿರೋ ಮೂಲೆನೇ ಹರಿದೋಗಿದೆ. ನೀನು ಅದೇ ಆಫೀಸಲ್ಲಿ ಇದ್ದೆ ಅಲ್ವಾ, ಯಾರು ಅಂತ ಗೊತ್ತಾ?"

"ನಕ್ಷೆ ಬರೆಯೋ ಎಷ್ಟೋ ಜನ ಟ್ರೇಸರ್‌ಗಳಿದ್ರು. ಯಾರೋ ಏನೋ."

ಅಷ್ಟು ಸಲೀಸಾಗಿ ಬಂತು. ಅವನಿಗೇ ಆಶ್ಚರ್ಯವಾಯಿತು. ಎದ್ದು ಬಚ್ಚಲಿಗೆ ಹೋಗಿ ಕೈ ತೊಳೆದ. ಐದು ತಿಂಗಳ ಹಿಂದೆ ನಿವೃತ್ತನಾದಾಗ ಹಾರ ಹಾಕಿದವರು ಇವರ ಕೈಯಿಂದ ಒಂದು ಗೆರೆ ತಪ್ಪಿದ್ದಿಲ್ಲ ಎಂದು ಭಾಷಣ ಮಾಡಿದ್ದರು. ಅವನು ಕೈ ಮುಗಿದುಕೊಂಡು ಕುಳಿತಿದ್ದ. ಕನ್ನಡಿಯಲ್ಲಿ ಕಂಡ ಮುಖ ಸುಳ್ಳು ಹೇಳಿದವನದಾಗಿ ಕಾಣಲಿಲ್ಲ, ಶೇವ್ ಮಾಡಿಕೊಳ್ಳದ ಅರವತ್ತರ ಗಂಡಸಿನ ಮುಖವಾಗಿ ಮಾತ್ರ ಕಂಡಿತು. ಹೊರಗಿನಿಂದ ಶೋಭಿತಾ ಕೂಗಿದಳು. ಮಳವಳ್ಳಿಗೆ ಹೋಗೋಣ, ಅಜ್ಜಿ ಕೈಲಿ ಫೋಟೋದಲ್ಲಿರೋರ ಹೆಸರು ಹೇಳಿಸಬೇಕು, ನೀನಿದ್ದರೆ ಅವರು ಚೆನ್ನಾಗಿ ಮಾತಾಡುತ್ತಾರೆ, ಮದ್ದೂರಿನ ಮೇಲೆ ಹೋಗೋಣ, ಅಲ್ಲಿ ಸ್ಟುಡಿಯೋದಲ್ಲಿ ದೊಡ್ಡ ಪ್ರಿಂಟ್ ರೆಡಿಯಿದೆಯಂತೆ ಎಂದು. ಬರುವುದಿಲ್ಲ ಎನ್ನಲು ಅವನಿಗೆ ಕಾರಣ ಹೊಳೆಯಲಿಲ್ಲ.

ಮದ್ದೂರಿನ ಸ್ಟುಡಿಯೋ ಬಸ್ ನಿಲ್ದಾಣದಿಂದ ಹತ್ತು ಹೆಜ್ಜೆ. ಆ ಮದುವೆಯ ಫೋಟೋ ತೆಗೆದವರ ಮಗ ಸ್ವರೂಪ್ ಅದನ್ನು ಈಗ ನಡೆಸುತ್ತಿದ್ದ. ಅಪ್ಪ ಇಟ್ಟಿದ್ದ ನೆಗೆಟಿವ್ ಡಬ್ಬಿಗಳಲ್ಲಿ ಹುಡುಕಿ, ಇಡೀ ಗೋಡೆಯ ಕ್ಯಾಲೆಂಡರಿನಷ್ಟು ದೊಡ್ಡದಾಗಿ ಪ್ರಿಂಟ್ ಹಾಕಿಸಿದ್ದ. ಅದನ್ನು ಗಾಜಿನ ಮೇಲೆ ಬಿಚ್ಚಿದ. ಚಿಕ್ಕ ಫೋಟೋದಲ್ಲಿ ಮಚ್ಚೆಗಳಂತಿದ್ದವರು ಈಗ ಜನರಾಗಿದ್ದರು. ಚಪ್ಪರದ ಕೆಳಗೆ ಸೌಮ್ಯ, ಎರವಲು ಕೋಟು ತೊಟ್ಟ ದೊಡ್ಡಪ್ಪ ಮರಿಸಿದ್ದಯ್ಯ, ಅವನ ಹಿಂದೆ ಉದ್ದಕ್ಕೆ ಸಾಲು, ಸಾಲಿನ ಹಿಂದೆ ಏರಿ. ಬಲಗಡೆಯ ತುದಿಯಲ್ಲಿ ಬಿಳಿ ಶರ್ಟಿನ ಒಬ್ಬ ತೆಳ್ಳನೆಯ ಗಂಡಸು ಮುಖ ಆ ಕಡೆ ತಿರುಗಿಸಿಕೊಂಡು ನಿಂತಿದ್ದ. "ಇವರೊಬ್ರು ನೋಡಿ ಮೇಡಂ, ಕರೆಕ್ಟಾಗಿ ಕ್ಲಿಕ್ ಮಾಡೋ ಟೈಮಿಗೆ ತಿರುಗಿಬಿಟ್ಟವ್ರೆ," ಎಂದು ಸ್ವರೂಪ್ ನಕ್ಕ. ಆಕಸ್ಮಿಕವಾಗಿ ತಿರುಗಿದ್ದಲ್ಲ. ಫೋಟೋಗ್ರಾಫರು ಕ್ಯಾಮೆರಾ ಎತ್ತಿದಾಗ, ಚೆನ್ನಾಗಿ ಬಂದ ಮದುವೆ ಫೋಟೋಗಳನ್ನು ಸ್ಟುಡಿಯೋದ ಗಾಜಿನಲ್ಲಿ ತೂಗುಹಾಕುತ್ತಾರೆ, ಮದ್ದೂರಿನಿಂದ ಬರುವ ಸಹೋದ್ಯೋಗಿಗಳು ಅದನ್ನು ನೋಡುತ್ತಾರೆ ಅನ್ನುವುದು ಅವನ ತಲೆಗೆ ಬಂದಿತ್ತು. ಶೋಭಿತಾ ಆ ಬಿಳಿ ಶರ್ಟಿನ ಮೇಲೆ ಬೆರಳಿಟ್ಟು, "ಅಪ್ಪ, ಇದು ನೀನಾ?" ಎಂದಳು. ಹೂಂ ಅಂದ. ಸ್ವರೂಪ್ ನಗುವನ್ನು ನುಂಗಿಕೊಂಡು ಪ್ರಿಂಟನ್ನು ಸುತ್ತತೊಡಗಿದ.

ಮಳವಳ್ಳಿ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಭತ್ತದ ಗದ್ದೆ, ಕಬ್ಬು, ಮತ್ತೆ ಗದ್ದೆ. ಸುತ್ತಿದ ಫೋಟೋವನ್ನು ಶೋಭಿತಾ ಮಗುವನ್ನು ಹಿಡಿದಂತೆ ತೊಡೆಯ ಮೇಲೆ ಹಿಡಿದಿದ್ದಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವನು ಸೈಕಲ್ಲಿನಲ್ಲಿ ಹೋಗುತ್ತಿದ್ದ ದಾರಿ ನೆನಪಾಯಿತು. ಸಾಲಿನಿಂದ ಕಚೇರಿಗೆ ನೇರವಾಗಿ ಹೋದರೆ ಹತ್ತು ನಿಮಿಷ. ಅವನು ನಾಲೆಯ ಏರಿ ಹಿಡಿದು ಹಿಂದಕ್ಕೆ ಹೋಗಿ, ಸುತ್ತು ಹಾಕಿ, ಗುತ್ತಲು ರಸ್ತೆಯ ಕಡೆಯಿಂದ ಬಂದು ಇಳಿಯುತ್ತಿದ್ದ. ಬೆವರಿರುತ್ತಿದ್ದ. ಬೆವರು ಆರಲೆಂದು ಬೇವಿನ ಮರದ ಕೆಳಗೆ ನಿಂತು ತಲೆ ಬಾಚಿಕೊಂಡು ಒಳಗೆ ಹೋಗುತ್ತಿದ್ದ. ಯಾರೂ ನಿನ್ನ ಮನೆ ಎಲ್ಲಿ ಎಂದು ಒತ್ತಾಯಿಸಿ ಕೇಳಿದವರಲ್ಲ. ಆದರೂ ಕೇಳಿಬಿಡುತ್ತಾರೆ ಎಂದು ಅವನು ದಿನವೂ ಆ ಸುತ್ತು ಹಾಕುತ್ತಿದ್ದ. ಒಮ್ಮೆ ಮಧ್ಯಾಹ್ನದ ಊಟದ ಹೊತ್ತಿಗೆ ಪಕ್ಕದ ಮೇಜಿನವನು ಅವನ ಡಬ್ಬಿ ಮೂಸಿ, "ಏನ್ರೀ ಇದು, ಕಾಕಂಬಿ ವಾಸ್ನೆ," ಅಂದಿದ್ದ. ಮರುದಿನದಿಂದ ಅವನು ಡಬ್ಬಿ ಬಿಚ್ಚುವುದನ್ನೇ ಬಿಟ್ಟ. ದೊಡ್ಡವ್ವ ಬೆಳಿಗ್ಗೆ ಐದಕ್ಕೆ ಎದ್ದು ಕಟ್ಟಿಕೊಡುತ್ತಿದ್ದ ಊಟವನ್ನು ನಾಲೆಯ ಏರಿಯ ಮೇಲೆ ನಾಯಿಗಳಿಗೆ ಹಾಕಿ ಮುಂದೆ ಹೋಗುತ್ತಿದ್ದ. ಸಂಜೆ ಖಾಲಿ ಡಬ್ಬಿ ನೋಡಿ ಅವಳಿಗೆ ಸಂತೋಷವಾಗುತ್ತಿತ್ತು.

ಚಿಕ್ಕರಸಿನಕೆರೆಯ ಕಡೆ ಹೋಗುವ ಹೆಂಗಸರು ನಡುವೆ ಎಲ್ಲೋ ಹತ್ತಿದರು, ಒಬ್ಬಳು ಹೂವಿನ ಬುಟ್ಟಿಯನ್ನು ಅವನ ಕಾಲಿನ ಬಳಿ ಇಟ್ಟಳು. ಆ ನಕ್ಷೆಯ ಬಗ್ಗೆ ಮೂವತ್ತೆರಡು ವರ್ಷಗಳಿಂದ ಅವನು ತನಗೇ ಹೇಳಿಕೊಂಡು ಬಂದದ್ದು ಒಂದೇ: ಸಾಹೇಬರು ಬಿಡು ಅಂದರು, ಬಿಟ್ಟೆ, ಚಾಕರಿಯವನು ಏನು ಮಾಡಲಿಕ್ಕಾಗುತ್ತದೆ. ಹೇಳಿಕೊಂಡು ಹೇಳಿಕೊಂಡು ಸಾಹೇಬರ ದನಿ ಕೂಡ ಹುಟ್ಟಿಕೊಂಡಿತ್ತು, ಅಧಿಕಾರದ ಗಡಸು ದನಿ. ಆದರೆ ಫೋಟೋದಲ್ಲಿ ಆ ತಿರುಗಿದ ಮುಖ ನೋಡಿದ ಮೇಲೆ ಆ ದನಿ ಉಳಿಯಲಿಲ್ಲ. ಸಾಹೇಬರು ಮೆತ್ತಗೆ ಮಾತಾಡುವವರು, ಸಕ್ಕರೆ ಕಾಯಿಲೆಯವರು. ಕೆಳಗೆ ಟ್ಯೂಬ್‌ಲೈಟ್ ಉರಿಯುತ್ತಿದ್ದ ಗಾಜಿನ ಮೇಜು, ಅದರ ಮೇಲೆ ಅಳತೆ ಹಾಳೆ, ಅಳತೆ ಹಾಳೆಯ ಮೇಲೆ ಅವನ ಟ್ರೇಸಿಂಗ್ ಹಾಳೆ. ಅಳತೆ ಮಾಡಿದವನು ಅರ್ಧಕ್ಕೆ ವರ್ಗವಾಗಿ ಹೋಗಿದ್ದರಿಂದ ಗೋಕಟ್ಟೆಯ ಪಕ್ಕದಲ್ಲಿ ಇಪ್ಪತ್ತಮೂರು ಚೌಕಗಳು ಪೆನ್ಸಿಲಿನಲ್ಲೇ ಉಳಿದಿದ್ದವು, ಪಕ್ಕದಲ್ಲಿ ಒಂದು ಪ್ರಶ್ನೆಯ ಗುರುತು. ಸಾಹೇಬರು ಹಿಂದೆ ಬಂದು ನಿಂತರು. "ಇಲ್ಲಿ ಮನೆಗಳಿವೆಯೇನಪ್ಪಾ? ಯಾರಾದರೂ ಆ ಕಡೆ ಓಡಾಡೋರು ಇದ್ದೀರಾ?" ಎಂದು ಕೇಳಿದರು. ಕೇಳಿದ್ದಷ್ಟೇ. ಸುತ್ತ ಆರು ಜನ ತಲೆ ಎತ್ತಿದ್ದರು, ಡಬ್ಬಿ ಮೂಸಿದವನೂ ಸೇರಿ. ಇದ್ದಾವೆ ಸಾರ್ ಅಂದರೆ ಮುಂದಿನ ಪ್ರಶ್ನೆ ನಿನಗೆ ಹೇಗೆ ಗೊತ್ತು ಎಂಬುದು. ಅವನು ಹಾಳೆಯಿಂದ ಕಣ್ಣು ತೆಗೆಯದೆ, "ನಾನು ಆ ಕಡೆ ಹೋಗಲ್ಲ ಸಾರ್. ಏನೂ ಇದ್ದಂಗಿಲ್ಲ," ಅಂದಿದ್ದ. ಸಾಹೇಬರು ಸರಿ ಎಂದು ಹೋದರು. ಅವನು ಪೆನ್ನನ್ನು ಇಂಕಿನಲ್ಲಿ ಅದ್ದಿ, 'ಖಾಲಿ ಜಾಗ' ಎಂದು ದುಂಡಗೆ ಬರೆದ. ಸಂಜೆ ಮನೆಗೆ ಹೋಗಿ, ಆ ಖಾಲಿ ಜಾಗದಲ್ಲಿ ಕುಳಿತು ಮುದ್ದೆ ಉಂಡ.

ಎರಡು ವರ್ಷ ಏನೂ ಆಗಲಿಲ್ಲ. ಆಮೇಲೆ ಜಾಗ ಖಾಲಿ ಮಾಡಿ ಎಂದು ಸಾಲಿಗೆ ನೋಟೀಸು ಬಂತು. ದೊಡ್ಡಪ್ಪ ಮರಿಸಿದ್ದಯ್ಯ ತೊಳೆದ ಪಂಚೆ ಉಟ್ಟು, ಸಾಲಿನವರ ಅರ್ಜಿ ಹಿಡಿದುಕೊಂಡು ಕಚೇರಿಯ ಕೌಂಟರಿಗೆ ಬಂದು ನಿಂತ ದಿನ ರಾಜೇಂದ್ರ ಒಳಗಿನ ಮೇಜಿನಿಂದ ಅವನನ್ನು ಕಂಡ. ಎದ್ದು ನಕ್ಷೆ ಪ್ರಿಂಟು ತೆಗೆಯುವ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡ. ಒಳಗೆ ಪ್ರಿಂಟಿಗೆ ಬಳಸುವ ಅಮೋನಿಯಾದ ಘಾಟು. ಕಣ್ಣು ಉರಿದು ನೀರು ಸುರಿಯಿತು. ಆಚೆ ಯಾರೋ ನಕ್ಷೆ ತೆಗೆದು ತೋರಿಸಿ, "ನೋಡಿ ಯಜಮಾನ್ರೇ, ಇಲ್ಲಿ ಮನೆಗಳೇ ಇಲ್ಲ," ಎನ್ನುವುದೂ, ದೊಡ್ಡಪ್ಪ, "ಅದೆಂಗ್ ಸಾಮಿ, ನಾನು ಅಲ್ಲಿಂದ್ಲೇ ಬಂದಿವ್ನಿ," ಎನ್ನುವುದೂ ಕೇಳಿಸಿತು. ಯಾರೋ ನಕ್ಕರು. ಒಳಗೆ ನಮ್ಮ ಹುಡುಗನೇ ಇದ್ದಾನೆ ಎಂದು ದೊಡ್ಡಪ್ಪ ಹೇಳಲಿಲ್ಲ. ಮನೆಯಲ್ಲಿ ಅವನು ಹಾಗೆ ಹೇಳಬೇಡಿ ಎಂದು ಮೊದಲೇ ಕೇಳಿಕೊಂಡಿದ್ದ. ಆ ಸಂಜೆ ಕೆಂಪು ಕಣ್ಣಿನಲ್ಲಿ ಬಂದವನನ್ನು ನೋಡಿ ದೊಡ್ಡವ್ವ ತಾನೇ ಅರ್ಥ ಮಾಡಿಕೊಂಡಳು. ಅಳ್ಬ್ಯಾಡ ಬುಡ್ಲಾ ಅಂದಳು. ಆಗ ಅವನು ಅಂದ: ಸಾಹೇಬರ ಕಾಲು ಹಿಡಿದೆ ದೊಡ್ಡವ್ವ, ಕೇಳಲಿಲ್ಲ. ಮನೆ ಕೆಡವಿದ ವಾರ ಅವನು ಕೇಳಿ ಹಾಕಿಸಿಕೊಂಡ ತರಬೇತಿಯಲ್ಲಿ ಮೈಸೂರಿನಲ್ಲಿದ್ದ. ವಾಪಸು ಬಂದಾಗ ಕಟ್ಟೆಯ ಅರ್ಧಕ್ಕೆ ಮಣ್ಣು ಬಿದ್ದಿತ್ತು. ದೊಡ್ಡವ್ವ, ದೊಡ್ಡಪ್ಪ ಮಳವಳ್ಳಿಯಲ್ಲಿ ಮಗಳ ಮನೆ ಸೇರಿದ್ದರು. ಪಾತ್ರೆಪಗಡ ಹೊರುವುದಕ್ಕೆ ಮೊದಲು ಅವಳು ಅವನ ಸರ್ಟಿಫಿಕೇಟುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿಕೊಂಡಿದ್ದಳಂತೆ.

"ಅಪ್ಪ, ಇಳಿ," ಅಂದಳು ಶೋಭಿತಾ. ಮಳವಳ್ಳಿ ಬಂದಿತ್ತು.

ಸೌಮ್ಯಳ ಮನೆಯ ನಡುಮನೆಯಲ್ಲಿ ಬುದ್ಧನ ಪಟ, ಪಕ್ಕದಲ್ಲಿ ತೀರಿಕೊಂಡ ದೊಡ್ಡಪ್ಪನ ಫೋಟೋ, ಕೆಳಗೆ ಮಂಚ. ಎಂಬತ್ತನಾಲ್ಕರ ಶಿವನಂಜಮ್ಮ ಮಂಚದ ಮೇಲೆ ಕಾಲು ಇಳಿಬಿಟ್ಟು ಕುಳಿತಿದ್ದಳು. ಒಂದು ಕಣ್ಣಿಗೆ ಆಪರೇಷನ್ ಆಗಿತ್ತು, ಇನ್ನೊಂದು ಮಂಜು. ರಾಜೇಂದ್ರನ ಕೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ಮುಟ್ಟಿದಳು. "ಸೊರಗೋಗಿದ್ದೀಯ ಕಣ್ಲಾ. ರಿಟೈರಾದ್ರೆ ಇಂಗೇಯಾ?" ಅಂದಳು. ಸೌಮ್ಯ ಟೀ ತಂದಳು. ಶೋಭಿತಾ ದೊಡ್ಡ ಫೋಟೋವನ್ನು ಮಂಚದ ಮೇಲೆ ಹಾಸಿ, ನೋಟ್‌ಬುಕ್ ತೆರೆದುಕೊಂಡು ನೆಲದ ಮೇಲೆ ಕುಳಿತಳು. ಮುದುಕಿ ಫೋಟೋದ ಮೇಲೆ ಮೂಗು ತಾಗುವಷ್ಟು ಬಗ್ಗಿ, ಅಂಗೈಯಲ್ಲಿ ಸವರುತ್ತಾ ಹೋದಳು.

"ಇವ್ನು ಹುಚ್ಚೀರಯ್ಯ. ಇದು ಅವ್ನ ಮನೆ, ಮೊದಲ್ನೇದು. ಇವ್ನು ಕೆಂಪಸಿದ್ದಯ್ಯ, ತಮಟೆ ಒಡಿಯೋನು. ಇದು ನಮ್ದು ಕಣವ್ವ, ನಮ್ದೇ. ಸೋಗೆ ಒಸ್ದಾಗಿ ಆಕಿದ್ದೊ ಮದ್ವೆಗೆ ಅಂತ." ಕೈ ಒಂದು ಹೆಂಗಸಿನ ಮುಖದ ಮೇಲೆ ನಿಂತಿತು. "ಇವ್ಳು ರೇವಮ್ಮ. ಹುಚ್ಚೀರಯ್ಯನ ಎಂಡ್ತಿ."

"ನಾಗೇಶಣ್ಣನ ತಾಯಿ ಅಲ್ವಾ ಅಜ್ಜಿ? ನಿಮಗೂ ಅವರಿಗೂ ಬಹಳ ಸ್ನೇಹ ಅಂತ ಅಣ್ಣ ಹೇಳ್ತಿದ್ರು."

"ಸ್ನೇಯ ಏನು, ಒಂದೇ ತಟ್ಟೇಲಿ ಉಂಡೋರು. ಆಮ್ಯಾಕೆ ಮಾತು ಬುಟ್ಟೋಯ್ತು." ಅವಳು ತಲೆ ಎತ್ತಿ ರಾಜೇಂದ್ರನ ಕಡೆ ನೋಡಿದಳು, ಮಂಜು ಕಣ್ಣು ಅವನ ಭುಜದ ಆಚೆಗೆ ಹೋಗುತ್ತಿತ್ತು. "ಇವ್ನಿಂದ್ಲೇ. ಒಳಗೇ ಇದ್ಕಂಡು ನಿಮ್ಮುಡ್ಗ ಏನೂ ಮಾಡ್ನಿಲ್ಲ, ಮಾಡೋ ಮನ್ಸಿದ್ರೆ ತಾನೇ, ಅಂದ್ಬುಟ್ಳು. ನಂಗೆ ರೇಗೋಯ್ತು. ನಮ್ಮುಡ್ಗ ಸಾಯೇಬನ ಕಾಲ್ ಕಟ್ಕಂಡು ಅತ್ತವ್ನೆ, ಅವ್ನ ಕಣ್ಣ ನಾನು ನೋಡಿವ್ನಿ, ಇನ್ನೊಂದ್ಸಲ ಅಂದ್ರೆ ನಾಲ್ಗೆ ಸೀಳ್ಬುಡ್ತೀನಿ ಅಂದೆ. ಅವತ್ತಿಂದ ಅವ್ಳೂ ಮಾತಾಡ್ನಿಲ್ಲ, ನಾನೂ ಮಾತಾಡ್ನಿಲ್ಲ. ಆರ್ ವರ್ಸದ ಇಂದೆ ಸತ್ತೋದ್ಳು. ಮಣ್ಗೂ ಓಗ್ನಿಲ್ಲ ನಾನು. ಬರ್ಕ ಮಗ, ನಿಮ್ಮಪ್ಪ ನಮ್ಗಾಗಿ ಬಾಳ ಒದ್ದಾಡ್ದ. ಅದನ್ನೂ ಬರ್ಕ."

ಶೋಭಿತಾ ಬರೆಯುತ್ತಿದ್ದಳು. ಪೆನ್ನು ಹಾಳೆಯ ಮೇಲೆ ಓಡುವ ಸದ್ದು ಅವನಿಗೆ ಕೇಳಿಸುತ್ತಿತ್ತು. ರೇವಮ್ಮ ಅವನಿಗೆ ಜ್ವರ ಬಂದಾಗ ಗಂಜಿ ಕುಡಿಸಿದವಳು. ಅಪ್ಪ ಒದ್ದಾಡಿದ ಎಂಬ ಮಾತನ್ನು ಹಾಗೆಯೇ ಬರೆದು ಮುಗಿಸಿದರೆ ಅದು ಮಗಳ ಪುಸ್ತಕದಲ್ಲಿ ಬರುತ್ತದೆ, ಅಚ್ಚಾಗುತ್ತದೆ ಎಂದು ಅನ್ನಿಸಿತು. ಟೀ ಲೋಟವನ್ನು ನೆಲದ ಮೇಲೆ ಇಟ್ಟ.

"ದೊಡ್ಡವ್ವ, ಆ ನಕ್ಷೆ ಬರೆದೋನು ನಾನೇ."

ಪೆನ್ನು ನಿಂತಿತು.

"ಯಾವ ನಕ್ಸೆ?"

"ಮನೆ ಇಲ್ಲ ಅಂತ ತೋರಿಸಿದ್ರಲ್ಲ, ದೊಡ್ಡಪ್ಪಂಗೆ. ಅದು. ಸಾಹೇಬರು ಬಿಡು ಅಂದ್ರು..." ಅಷ್ಟಕ್ಕೆ ನಿಲ್ಲಿಸಿದ. ಅಷ್ಟಕ್ಕೇ ನಿಲ್ಲಿಸಬಹುದಿತ್ತು, ಅವಳು ಅದನ್ನೂ ನಂಬುತ್ತಿದ್ದಳು. "ಇಲ್ಲ. ಅವರು ಬಿಡು ಅನ್ನಲಿಲ್ಲ. ಅಲ್ಲಿ ಮನೆ ಇದಾವಾ ಅಂತ ಕೇಳಿದ್ರು. ನಾನು ಇಲ್ಲ ಅಂದೆ. ಕಾಲು ಹಿಡ್ದಿದ್ದೂ ಸುಳ್ಳು. ದೊಡ್ಡಪ್ಪ ಬಂದಾಗ ನಾನು ಒಳಗೆ ಅವಿತ್ಕಂಡಿದ್ದೆ."

ಸೌಮ್ಯ ಬಾಗಿಲ ಬಳಿ ಸೆರಗನ್ನು ಬಾಯಿಗೆ ಹಿಡಿದು ನಿಂತಳು. ಮುದುಕಿ ಫೋಟೋದ ಮೇಲಿಟ್ಟ ಕೈ ತೆಗೆಯಲಿಲ್ಲ.

"ಯಾಕ್ಲಾ?"

"ನಾಚ್ಕೆ ಆಯ್ತು ದೊಡ್ಡವ್ವ. ಅಲ್ಲಿರೋನು ಅಂತ ಗೊತ್ತಾಯ್ತದೆ ಅಂತ."

ಅವಳು ಬೈಯುತ್ತಾಳೆ ಎಂದು ಅವನು ಕಾದ. ಬೈದರೆ ತಡೆದುಕೊಳ್ಳಬಹುದು, ಅತ್ತರೆ ಕಾಲು ಹಿಡಿಯಬಹುದು. ಎರಡಕ್ಕೂ ಅವನ ಮೈ ಸಿದ್ಧವಾಗಿ ಕುಳಿತಿತ್ತು. ಬೀದಿಯಲ್ಲಿ ತರಕಾರಿ ಗಾಡಿಯವನು ಮೈಕಿನಲ್ಲಿ ಕೂಗಿಕೊಂಡು ಹೋದ. ಆಮೇಲೆ ಅವಳು ಮಾತಾಡಿದಾಗ ದನಿ ಏರಲಿಲ್ಲ.

"ಇದ ಯಾಕ್ಲಾ ಈಗ ನಂಗೇಳ್ದೆ? ನಿನ್ನೆದೆ ಅಗುರಾಗ್ಲಿ ಅಂತ್ಲಾ?" ಅವನು ಬಾಯಿ ತೆರೆದ. ಅವಳು ಕಾಯಲಿಲ್ಲ. "ಆರ್ ವರ್ಸದ ಮುಂಚೆ ಏಳಿದ್ರೆ ಓಗಿ ಅವ್ಳ ಕೈ ಇಡ್ಕಂಡು ನಂದೇ ತಪ್ಪು ಕಣೆ, ನಿನ್ ಮಾತೇ ದಿಟ ಅಂತಿದ್ದೆ. ಈಗ ಯಾರ್ ತಾವ್ ಓಗ್ಲಿ?"

ಅವಳು ಸೌಮ್ಯಳನ್ನು ಕರೆದು, ಒಳಗೆ ಮಲಗಿಸು ಅಂದಳು. ಏಳುವಾಗ ಅಭ್ಯಾಸದಿಂದ ಅವನು ಕೈ ಕೊಟ್ಟ. ಅವಳು ಕಾಣದವಳಂತೆ, ಅಥವಾ ನಿಜವಾಗಿಯೂ ಕಾಣದೆ, ಮಂಚದ ತಲೆಗಂಬ ಹಿಡಿದುಕೊಂಡು ಎದ್ದಳು.

ವಾಪಸು ಬರುವ ಬಸ್ಸಿನಲ್ಲಿ ಶೋಭಿತಾ ಅವನ ಪಕ್ಕದಲ್ಲೇ ಕುಳಿತಳು. ಅದೇ ಅವನಿಗೆ ಹೆಚ್ಚಾಗಿ ಕಂಡಿತು. ಅವಳ ಮೂಗಿನ ತುದಿ ಕೆಂಪಾಗಿತ್ತು. ಚಿಕ್ಕವಳಿದ್ದಾಗ ಅವನು ಅವಳಿಗೆ ನಕ್ಷೆ ಓದುವುದನ್ನು ಕಲಿಸಿದ್ದ: ಇದು ಕೆರೆ, ಇದು ಗುಡಿ, ಇದು ತೋಪು, ನಕ್ಷೆ ಸುಳ್ಳು ಹೇಳಲ್ಲ ಮಗ ಅಂದಿದ್ದ. ಅವಳಿಗೆ ಅದು ನೆನಪಿರಲಿಕ್ಕಿಲ್ಲ ಎಂದುಕೊಂಡ. ನೆನಪಿದ್ದರೆ ಈಗ ಅವಳು ಅದನ್ನೇ ನೆನೆಯುತ್ತಿರಬಹುದು ಎಂದೂ ಅನ್ನಿಸಿತು.

"ಬೆಳಿಗ್ಗೆ ನಾನು ಕೇಳ್ದಾಗ ಯಾರೋ ಏನೋ ಅಂದೆ."

"ಹೂಂ."

"ಅಜ್ಜಿ ಆ ಮಾತು ಆಡದೇ ಇದ್ದಿದ್ರೆ ಹೇಳ್ತಿದ್ಯಾ?"

ಅವನು ಯೋಚಿಸಿದ. ಈಗ ಸುಳ್ಳು ಹೇಳಬಾರದು ಅಂದುಕೊಂಡ. "ಇಲ್ಲ ಅನ್ಸುತ್ತೆ."

ಅವಳು ತಲೆಯಾಡಿಸಿದಳು. ಮದ್ದೂರು ಹತ್ತಿರವಾದಾಗ, "ಗುರುವಾರ ಬಂದು ಹೇಳ್ತೀಯಾ?" ಎಂದಳು. ಹೇಳುತ್ತೇನೆ ಅಂದ.

ಆ ಮೂರು ದಿನ ಅವನು ಒಂದೇ ವಾಕ್ಯವನ್ನು ಮನಸ್ಸಿನಲ್ಲಿ ತಿದ್ದುತ್ತಾ ಕಳೆದ. ನಾನು ಅದೇ ಸಾಲಿನಲ್ಲಿ ಬೆಳೆದವನು. ಒಂಬತ್ತನೆಯ ಮನೆ. ಹಲ್ಲುಜ್ಜುವಾಗ ಹೇಳಿಕೊಂಡ, ಹಾಲು ತರಲು ಹೋದಾಗ ಹೇಳಿಕೊಂಡ. ತವರಿನಿಂದ ವಾಪಸು ಬಂದ ಹೆಂಡತಿ, ಏನು ತುಟಿ ಅಲ್ಲಾಡಿಸ್ತಿದ್ದೀರಿ ಅಂದಳು. ಮಂಗಳವಾರ ಸಾಯಂಕಾಲ ಅವನು ಗೋಕಟ್ಟೆ ಇದ್ದ ಜಾಗಕ್ಕೆ ನಡೆದುಹೋದ. ಕಲ್ಯಾಣ ಮಂಟಪವೊಂದರ ಕಾರು ನಿಲ್ಲಿಸುವ ಬಯಲು, ಅದರಾಚೆ ಟೈಲ್ಸ್ ಅಂಗಡಿ, ಜಿಮ್ಮು. ಒಂಬತ್ತನೆಯ ಮನೆ ಎಲ್ಲಿತ್ತು ಎಂದು ನಾಲೆಯಿಂದ ಹೆಜ್ಜೆ ಹಾಕಿ ಅಳೆದ. ಮೊದಲ ಸಲ ಒಂದು ಬಿಳಿ ಕಾರಿನ ಕೆಳಗೆ ಬಂತು, ಎರಡನೆಯ ಸಲ ಕಾಂಪೌಂಡಿನ ಒಳಗೆ. ಮೂವತ್ತೈದು ವರ್ಷ ಊರು ಅಳೆದವನಿಗೆ ತನ್ನ ಬಾಗಿಲು ಸಿಗಲಿಲ್ಲ. ವಾಚ್‌ಮನ್ ಬಂದು, ಯಾರು ಬೇಕಾಗಿತ್ತು ಎಂದು ಕೇಳಿದ. ಯಾರೂ ಬೇಡ ಎಂದು ಹೊರಟ.

ಗುರುವಾರ ವಿಚಾರಣೆಯ ಕೋಣೆಯ ಹೊರಗೆ ಸಾಲಿನವರು ಹದಿನೈದು ಇಪ್ಪತ್ತು ಜನ ಬಂದಿದ್ದರು. ಗುರುತು ಸಿಕ್ಕದಷ್ಟು ಮುದುಕರು, ಗುರುತೇ ಇಲ್ಲದ ಮಕ್ಕಳು ಮೊಮ್ಮಕ್ಕಳು. ನಾಗೇಶ್‌ಗೆ ಶೋಭಿತಾ ಎಲ್ಲ ಹೇಳಿದ್ದಳು. ಅವನು ಹತ್ತಿರ ಬಂದು, "ಬಂದ್ರಲ್ಲ, ಸಾಕು ಬುಡಿ," ಅಂದ. ಮುಖದಲ್ಲಿ ಸಿಟ್ಟೂ ಇರಲಿಲ್ಲ, ಕೈ ಕೊಡಲೂ ಇಲ್ಲ. ಮಳವಳ್ಳಿಯಿಂದ ಸೌಮ್ಯ ದೊಡ್ಡವ್ವನನ್ನು ಕರೆದುಕೊಂಡು ಬಂದಿದ್ದಳು. ಅವಳು ಬರುತ್ತಾಳೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಒಳಗೆ ಗೋಡೆಯ ಪಕ್ಕದ ಬೆಂಚಿನ ಮೇಲೆ ಬಿಳಿ ಸೀರೆ ಉಟ್ಟು, ಕೋಲನ್ನು ಮೊಣಕಾಲುಗಳ ನಡುವೆ ಹಿಡಿದುಕೊಂಡು ಕುಳಿತಿದ್ದಳು. ಅವನು ಒಳಗೆ ಬಂದಾಗ ತಲೆ ತಿರುಗಿಸಲಿಲ್ಲ.

ಅಧಿಕಾರಿ ನಲವತ್ತರ ಹೆಂಗಸು. ತಾಳ್ಮೆಯಿಂದ ಎರಡು ನಕ್ಷೆಗಳನ್ನೂ ಫೋಟೋವನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡಿದರು. ತೊಂಬತ್ತೆರಡರ ನಕ್ಷೆ ಬರೆದವನು ತಾನೇ ಎಂದು ಅವನು ಹೇಳಿದ. ಅಕ್ಷರ ತೋರಿಸಿದ. ಬಿಳಿ ಹಾಳೆಯ ಮೇಲೆ ಹೊಸಹಳ್ಳಿ ಎಂದು ಬರೆದು ತೋರಿಸಿದ. 'ಳ' ಹಾಗೆಯೇ ಬಂತು. ಅಳತೆ ಹಾಳೆಯಲ್ಲಿ ಇಪ್ಪತ್ತಮೂರು ಮನೆಗಳ ಗುರುತು ಪೆನ್ಸಿಲಿನಲ್ಲಿ ಇತ್ತು ಮೇಡಂ ಎಂದ.

"ಇದ್ದರೆ ನೀವು ಯಾಕೆ ಬಿಟ್ಟಿರಿ?"

"ಕೇಳಿದಾಗ ಇಲ್ಲ ಅಂದುಬಿಟ್ಟೆ. ತಪ್ಪು ನನ್ನದು. ಬೇರೆ ಯಾರದೂ ಅಲ್ಲ."

ಅಧಿಕಾರಿ ಕನ್ನಡಕ ತೆಗೆದು ಅವನನ್ನು ನೋಡಿದರು. "ಪೆನ್ಸಿಲ್ ಗುರುತು ತಪ್ಪೂ ಇರಬಹುದಲ್ಲ. ಮನೆಗಳು ನಿಜವಾಗಿಯೂ ಇದ್ದವು ಅಂತ ಇಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ?" ಮೂರು ದಿನ ತಿದ್ದಿದ ವಾಕ್ಯ ಗಂಟಲಿಗೆ ಬಂತು. ಅಷ್ಟರಲ್ಲಿ ಅವರೇ, "ಅದಕ್ಕೆ ಮುಂಚೆ ಇದೊಂದು ಹೇಳಿಬಿಡಿ. ಈ ಅರ್ಜಿದಾರರಲ್ಲಿ ಯಾರಾದರೂ ನಿಮಗೆ ಸಂಬಂಧವಾ? ಸಂಬಂಧಿಕರಾದರೆ ನಿಮ್ಮ ಹೇಳಿಕೆಗೆ ತೂಕ ಕಡಿಮೆ. ನಾನು ಹಾಗೇ ಬರೆಯಬೇಕಾಗುತ್ತೆ," ಅಂದರು.

ಅವನು ಬೆಂಚಿನ ಕಡೆ ನೋಡಿದ. ನಾಗೇಶ್ ನೆಲ ನೋಡುತ್ತಿದ್ದ. ಶೋಭಿತಾ ತುಟಿ ಕಚ್ಚಿಕೊಂಡಿದ್ದಳು.

"ಏನೂ ಸಂಬಂದ ಇಲ್ಲ ಸಾಮಿ," ಎಂದಳು ಶಿವನಂಜಮ್ಮ. ದನಿ ಇಡೀ ಕೋಣೆಗೆ ಕೇಳಿಸಿತು. "ನಕ್ಸೆ ಬರ್ದೋರು, ಅಷ್ಟೇಯ. ಬರ್ಕಳಿ."

ಅಧಿಕಾರಿ ಅವನ ಕಡೆ ತಿರುಗಿ, ಹೌದೇ ಎನ್ನುವಂತೆ ಹುಬ್ಬು ಎತ್ತಿದರು. ಅವಳು ನೇರ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದಳು. ಆ ಮುಖವನ್ನು ಅವನು ಹನ್ನೊಂದನೆಯ ವರ್ಷದಿಂದ ಓದಿದ್ದ. ಈಗ ಅದರಲ್ಲಿ ಏನೂ ಓದಲಾಗಲಿಲ್ಲ. ಇಪ್ಪತ್ತಮೂರು ಮನೆಗೋಸ್ಕರ ಅಂದಳೋ, ಅವನು ತನಗೆ ಬೇಡವೆಂದೇ ಅಂದಳೋ. ಇಲ್ಲ ಮೇಡಂ, ನಾನು ಇವರ ಮನೆಯಲ್ಲೇ ಬೆಳೆದವನು ಎಂದರೆ ಮೂವತ್ತೆರಡು ವರ್ಷದ ಮೇಲೆ ಒಂದು ಸಲ ನಿಜ ಹೇಳಿದ ಹಾಗಾಗುತ್ತಿತ್ತು. ಅದರ ಬೆಲೆಯನ್ನು ಮತ್ತೆ ಸಾಲಿನವರೇ ಕೊಡಬೇಕಾಗುತ್ತಿತ್ತು.

"ಹೌದು ಮೇಡಂ. ಸಂಬಂಧ ಇಲ್ಲ," ಎಂದ. "ಕಚೇರಿಗೆ ಹೋಗಿ ಬರುವಾಗ ಆ ಮನೆಗಳನ್ನು ದಿನಾ ನೋಡುತ್ತಿದ್ದೆ."

ಟೈಪಾಗಿ ಬಂದ ಹಾಳೆಯನ್ನು ಓದಿ ಹೇಳಿದರು. ಅವನು ಸಹಿ ಹಾಕಿದ. ಹೊರಗೆ ಮೆಟ್ಟಿಲಿಳಿಯುವಾಗ ದೊಡ್ಡವ್ವ ನಾಗೇಶ್‌ನ ತೋಳು ಹಿಡಿದುಕೊಂಡಳು. "ನಿಮ್ಮವ್ವನ ಗೋರಿ ತಾವ್ಕೆ ಒಂದ್ಸಲ ಕರ್ಕಂಡೋಗ್ಲಾ," ಎಂದು ಅವನಿಗೆ ಹೇಳುತ್ತಿದ್ದಳು. ಅವರು ಆಟೋ ಹತ್ತಿದರು. ಶೋಭಿತಾ ಒಂದು ಗಳಿಗೆ ಅವನ ಬಳಿ ನಿಂತು, ನಾನೂ ಅವರ ಜೊತೆ ಹೋಗ್ತೀನಿ ಅಪ್ಪ ಎಂದು ಹೋದಳು.

ಆದೇಶ ಬಂದದ್ದು ಎರಡು ತಿಂಗಳ ಮೇಲೆ. ಮಳವಳ್ಳಿಯಿಂದ ಶೋಭಿತಾ ಫೋನು ಮಾಡಿದಳು. ಗೋಕಟ್ಟೆಯ ಪಕ್ಕದಲ್ಲಿ ಇಪ್ಪತ್ತಮೂರು ಮನೆಗಳಿದ್ದವು ಎಂದು ಒಪ್ಪಿದ್ದಾರೆ. ಜಾಗ ಯಾವಾಗ, ಎಲ್ಲಿ ಎಂಬುದಕ್ಕೆ ಇನ್ನೊಂದು ಕಡತ ತೆರೆಯಬೇಕಂತೆ. ಹಳೆಯ ನಕ್ಷೆಗೆ ಒಂದು ತಿದ್ದುಪಡಿ ಹಾಳೆ ಲಗತ್ತಿಸುತ್ತಾರಂತೆ. ಅಜ್ಜಿಗೆ ಈಗ ತಾನೇ ಎಲ್ಲ ಓದಿ ಹೇಳಿದೆ ಎಂದಳು.

"ಏನಂದ್ರು?"

"ಮನೆಗಳಿದ್ದವು ಅನ್ನೋ ಸಾಲನ್ನ ಮೂರು ಸಲ ಓದಿಸಿದ್ರು."

ಅತ್ತ ಕಡೆ ಪಾತ್ರೆಯ ಸದ್ದು, ಸೌಮ್ಯಳ ಮಾತು.

"ಆಮೇಲೆ ನಿನ್ನ ಹೇಳಿಕೆ ಇರೋದನ್ನ ಓದಿದೆ. ಅರ್ಜಿದಾರರಿಗೆ ಯಾವುದೇ ಸಂಬಂಧವಿಲ್ಲದ ನಿವೃತ್ತ ನಕ್ಷೆಗಾರರು ಅಂತ ಬರೆದಿದ್ದಾರೆ. ಅಲ್ಲಿಗೆ ಬಂದಾಗ ಕೈ ಅಡ್ಡ ಮಾಡಿ, ಅದ ಬುಡು ಮಗ, ಮುಂದಕ್ಕೋದು, ಅಂದ್ರು."